ಎಪ್ಪತ್ತೊಂಬತ್ತನೆಯ ಬಿರಡೆ

ಪಾಲಫ್ರುಜೆಲ್
೧೧ ಅಕ್ಟೋಬರ್ ೧೯೬೪, ಭಾನುವಾರ

ಮಗಳೇ ಅಸ್ಸುಂತಾ,

ನಿನ್ನ ಕಾಗದ ಗುರುವಾರವೇ ಬಂತು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಎರಡು ಸಲ ಬರೆದು ಹರಿದು ಹಾಕಿದೆ. ನಿಮ್ಮ ತರಬೇತಿ ಶಾಲೆಯ ಹುಡುಗಿಯರು ಯಾರಾದರೂ ಓದಿ ನನ್ನ ಕಾಗುಣಿತಕ್ಕೆ ನಕ್ಕರೆ ಎಂದು ಹೆದರಿಕೆ. ಓದಿದ ಮೇಲೆ ಮಡಚಿ ಪೆಟ್ಟಿಗೆಯ ತಳದಲ್ಲಿಡು.

ರಾತ್ರಿ ಕಿಟಕಿ ಹಾಕಿಕೊಂಡು ಮಲಗಬೇಡ, ಒಲೆಯ ಹೊಗೆ ತುಂಬುತ್ತದೆ. ತೆರೆದುಕೊಂಡೂ ಮಲಗಬೇಡ, ಜಿರೋನಾದ ಹೊಳೆಯ ಮಂಜು ಎದೆಗೆ ಇಳಿಯುತ್ತದೆ.

ಇವತ್ತು ಊರ ಚೌಕದಲ್ಲಿ ಸರ್ದಾನಾ ಕುಣಿತ ಇತ್ತು. ವಾದ್ಯದವರು ಬಂದರು, ನಮ್ಮ ಹತ್ತು ಜನ ಕೈ ಹಿಡಿದು ಸುತ್ತುಗಟ್ಟಿ ನಿಂತರು, ಕೋಟು ಚೀಲಗಳನ್ನೆಲ್ಲ ಎಂದಿನಂತೆ ನಡುವೆ ರಾಶಿ ಹಾಕಿದೆವು. ನಿನ್ನ ಜಾಗದಲ್ಲಿ, ನನ್ನ ಬಲಕ್ಕೆ, ಬೇಕರಿಯ ತ್ರಿನಿ. ಅವಳ ಅಂಗೈ ಹಸಿ ಮೀನಿನ ಹಾಗೆ. ತಾಳದ ಲೆಕ್ಕ ಕೊಡಲು ಅದನ್ನು ಒತ್ತಿದರೆ "ಏನು ಮೆಲ್ಸಿಯೊರಣ್ಣ, ಕೈ ನೋವಾ?" ಎಂದು ಎಲ್ಲರಿಗೂ ಕೇಳುವಂತೆ ಕೇಳುತ್ತಾಳೆ.

"ನೋಡಮ್ಮ," ಅಂದೆ, "ಉದ್ದ ಹೆಜ್ಜೆ ಒಂದಕ್ಕೆ ನಾಲ್ಕು ತಾಳ ಬೇಕು. ಕೊನೆಗೆ ನಾಲ್ಕರ ಲೆಕ್ಕಕ್ಕೆ ಸಿಗದೆ ಒಂದೋ ಎರಡೋ ಮೂರೋ ಉಳಿಯುತ್ತೆ. ಅದನ್ನ ಗಿಡ್ಡ ಹೆಜ್ಜೇಲಿ ಹಂಚಬೇಕು. ಇಲ್ಲದಿದ್ರೆ ವಾದ್ಯ ನಿಂತ ಮೇಲೂ ನಮ್ಮ ಕಾಲು ಗಾಳೀಲಿರುತ್ತೆ."

"ಇರಲಿ ಬಿಡಿ, ಯಾರು ನೋಡ್ತಾರೆ?"

ಯಾರು ನೋಡ್ತಾರಂತೆ! ಇಪ್ಪತ್ತೆರಡು ವರ್ಷದಿಂದ ಈ ಬಳಗದ ಎಣಿಕೆ ನನ್ನದು. ಒಂದು ತಾಳ ಆಚೀಚೆ ಆಗಿಲ್ಲ.

ನಿನಗೆ ಹೇಳಿಕೊಡಬೇಕಾಗಿಯೇ ಬರಲಿಲ್ಲ. ಒಂಬತ್ತು ವರ್ಷದವಳು ನೀನು, ಆ ಕಗ್ಗಂಟಿನ ಪಂದ್ಯದಲ್ಲಿ. ಹಾಡು ಕಟ್ಟಿದವನು ತಾಳಗಳ ಲೆಕ್ಕವನ್ನು ಬೇಕೆಂದೇ ಮುಚ್ಚಿಟ್ಟಿದ್ದ. ಹತ್ತು ಊರಿನ ಬಳಗಗಳು ಎಡವಿ ನಿಂತವು. ನಾನು ನಾಲ್ಕು ತಾಳಕ್ಕೊಂದು ಸಲ ನಿನ್ನ ಅಂಗೈ ಒತ್ತಿದೆ, ಹತ್ತೊಂಬತ್ತು ಸಲ. ಉಳಿದದ್ದಕ್ಕೆ ಉಗುರಿನಿಂದ ಮೂರು ಗೀರು. ಎಪ್ಪತ್ತೊಂಬತ್ತು. ನಮ್ಮ ಹಿಮ್ಮಡಿ ನೆಲಕ್ಕೆ ತಾಗಿದ್ದೂ ಕೊನೆಯ ತುತ್ತೂರಿ ನಿಂತಿದ್ದೂ ಒಟ್ಟಿಗೇ. ಉಳಿಯುವ ಮೂರು ನಾವೇ, ನಾನು ನೀನು ನಿನ್ನಮ್ಮ, ಅಂತ ಅವತ್ತು ಹೇಳಿದ್ದೆ. ನೆನಪಿದೆಯಾ?

ಆ ಸಂಖ್ಯೆಯ ಗುಟ್ಟೊಂದನ್ನು ಮೊನ್ನೆ ಕಂಡುಹಿಡಿದಿದ್ದೇನೆ. ನಿನ್ನಜ್ಜನ ಹೆಬ್ಬೆರಳು ಬಿರಡೆ ಕಾರ್ಖಾನೆಯ ಚಾಕುವಿಗೆ ಹೋದ ದಿನ ನನ್ನನ್ನು ಶಾಲೆಯಿಂದ ಎಬ್ಬಿಸಿಕೊಂಡು ಹೋದರಲ್ಲ, ಆಗ ನಾನು ಬೆಂಚಿನ ಮೇಲೆ ನಿಂತು "ಏಳೊಂಬತ್ಲಿ ಅರವತ್ಮೂರು" ಎನ್ನುತ್ತಿದ್ದೆ. ಅದೇ ನನ್ನ ಕೊನೆಯ ಪಾಠ. ಆ ಅರವತ್ತಮೂರಕ್ಕೆ ಏಳನ್ನೂ ಒಂಬತ್ತನ್ನೂ ಕೂಡು. ಎಷ್ಟಾಯಿತು? ಎಪ್ಪತ್ತೊಂಬತ್ತು! ಗುಣಿಸಿ ಕೂಡಿದರೆ ತಿರುಗಿ ತನ್ನ ಮನೆಗೇ ಬರುವ ಸಂಖ್ಯೆ. ಎರಡರಿಂದ ಹಿಡಿದು ಎಷ್ಟರಿಂದ ಹಂಚಿದರೂ ಬಗ್ಗದು. ಇಂಥದ್ದು ಇನ್ನೊಂದಿಲ್ಲ. ಇದನ್ನು ನಿನಗೆ ಮಾತ್ರ ಹೇಳಿದ್ದೇನೆ.

ಬೇಗ ಬರೆ. ಆದರೆ ಓದು ಬಿಟ್ಟು ಬರೆಯಬೇಡ.

ನಿನ್ನ ಅಪ್ಪ,
ಮೆಲ್ಸಿಯೊರ್


ಜಿರೋನಾ
೨ ನವೆಂಬರ್ ೧೯೬೪

ಅಪ್ಪಾ,

ಕಿಟಕಿಯನ್ನು ಅರ್ಧ ತೆರೆದು ಅರ್ಧ ಮುಚ್ಚಿ ಮಲಗುತ್ತಿದ್ದೇನೆ. ಸಮಾಧಾನವಾಯಿತಾ?

ಇಲ್ಲಿಯೂ ಒಂದು ಬಳಗ ಸೇರಿದೆ. ಭಾನುವಾರ ಸೇತುವೆಯ ಪಕ್ಕ ಕುಣಿಯುತ್ತೇವೆ. ನಮ್ಮ ಎಣಿಕೆಗಾರನ ಹೆಸರು ಫೆರ್ರಿಯೊಲ್, ಗಣಿತದ ಮೇಷ್ಟರಾಗಲು ಓದುತ್ತಿದ್ದಾನೆ. ಕಣ್ಣು ಮುಚ್ಚಿಕೊಂಡು ಎಣಿಸುತ್ತಾನೆ ಅಪ್ಪಾ, ನೀನು ನೋಡಬೇಕು! ನಿನ್ನ ಎಪ್ಪತ್ತೊಂಬತ್ತರ ವಿಷಯ ಹೇಳಿದೆ. ತುಂಬ ಖುಷಿಪಟ್ಟ. ಆಮೇಲೆ ಕಾಗದದಲ್ಲಿ ಬರೆದು ತೋರಿಸಿದ: ಒಂಬತ್ತರಲ್ಲಿ ಮುಗಿಯುವ ಎಲ್ಲ ಎರಡಂಕಿ ಸಂಖ್ಯೆಯೂ ಹಾಗೆಯೇ ಅಂತೆ. ಹತ್ತೊಂಬತ್ತನ್ನು ನೋಡು, ಒಂದೊಂಬತ್ಲಿ ಒಂಬತ್ತು, ಒಂದೂ ಒಂಬತ್ತೂ ಹತ್ತು, ಸೇರಿ ಹತ್ತೊಂಬತ್ತು. ಇಪ್ಪತ್ತೊಂಬತ್ತು, ಮೂವತ್ತೊಂಬತ್ತು, ಹೀಗೇ ತೊಂಬತ್ತೊಂಬತ್ತರ ತನಕ.

ಆದರೆ ಎಪ್ಪತ್ತೊಂಬತ್ತಕ್ಕೆ ಬೇರೊಂದು ಹಟ ಇದೆಯಂತೆ. ಅಷ್ಟು ಬಿರಡೆಗಳನ್ನು ಮೇಜಿನ ಮೇಲೆ ಎರಡೆರಡ್ಲಿ ನಾಲ್ಕು, ಮೂರ್ಮೂರ್ಲಿ ಒಂಬತ್ತು ಹೀಗೆ ಚೌಕ ಚೌಕವಾಗಿ ಜೋಡಿಸಲು ಹೋದರೆ ಮೂರು ಚೌಕದಲ್ಲಿ ಎಂದಿಗೂ ಮುಗಿಯುವುದಿಲ್ಲ. ನಾಲ್ಕನೆಯದು ಬೇಕೇ ಬೇಕು. ಚೆನ್ನಾಗಿದೆಯಲ್ಲ?

ಅಮ್ಮನ ಮಂಡಿ ಹೇಗಿದೆ?

ನಿನ್ನ
ಅಸ್ಸುಂತಾ


ಪಾಲಫ್ರುಜೆಲ್
೧೫ ನವೆಂಬರ್ ೧೯೬೪

ಅಸ್ಸುಂತಾ,

ನಿನಗೆ ಮಾತ್ರ ಅಂತ ಬರೆದಿದ್ದೆ.

ಇರಲಿ. ಹತ್ತೊಂಬತ್ತರಿಂದ ತೊಂಬತ್ತೊಂಬತ್ತರ ತನಕ ಒಂದೊಂದನ್ನೂ ಕೂತು ಮಾಡಿ ನೋಡಿದೆ. ಅವನು ಹೇಳಿದ್ದು ಸರಿ. ನನ್ನದು ಎಂದುಕೊಂಡಿದ್ದ ಹಸು ಊರಿನ ಎಲ್ಲರ ಕೊಟ್ಟಿಗೆಯಲ್ಲೂ ಇತ್ತು. ಅವನು ನಕ್ಕನಾ? ಖುಷಿಪಟ್ಟ ಎಂದು ಬರೆದಿದ್ದೀಯ. ನನ್ನ ಸಂಖ್ಯೆ ನೋಡಿ ಖುಷಿಪಟ್ಟನೋ, ಅದನ್ನು ಒಡೆದು ಖುಷಿಪಟ್ಟನೋ?

ಕಣ್ಣು ಮುಚ್ಚಿಕೊಂಡು ಎಣಿಸುವುದು ದೊಡ್ಡದೇನಲ್ಲ. ಕಣ್ಣು ತೆರೆದುಕೊಂಡು, ಎದುರಿಗೆ ಹತ್ತು ಬಳಗ ಬೇರೆ ಬೇರೆ ಹೆಜ್ಜೆ ಹಾಕುತ್ತಿರುವಾಗ ಎಣಿಸಲಿ.

ಅವನೂ ಅಂಗೈ ಒತ್ತುತ್ತಾನಾ? ಯಾವ ಬೆರಳಿನಿಂದ? ಸುಮ್ಮನೆ ಕೇಳಿದೆ. ಒಬ್ಬೊಬ್ಬ ಎಣಿಕೆಗಾರನದು ಒಂದೊಂದು ಪದ್ಧತಿ ಇರುತ್ತದೆ.

ಇಲ್ಲಿ ಚಳಿ ಶುರುವಾಗಿದೆ. ನಿನ್ನ ಬೂದು ಉಣ್ಣೆ ಕೈಗವಸು ಇಲ್ಲೇ ಉಳಿದಿದೆ, ಕಳುಹಿಸುತ್ತಿದ್ದೇನೆ. ಕುಣಿಯುವಾಗಲೂ ಹಾಕಿಕೊಂಡಿರು.

ಅಪ್ಪ

ತಾಜಾಕಲಂ: ಅಮ್ಮ ಬರೆಯುತ್ತಿರುವುದು. ಕೈಗವಸು ಹಾಕಿಕೊಂಡು ಸರ್ದಾನಾ ಕುಣಿದವರನ್ನು ನಾನು ಕಂಡಿಲ್ಲ ಮಗಳೇ. ನಿನ್ನಪ್ಪ ಕಾರ್ಖಾನೆಯಿಂದ ತೂತು ಬಿರಡೆಗಳನ್ನು ಜೇಬು ತುಂಬ ತಂದು ಊಟದ ಮೇಜಿನ ಮೇಲೆ ಹರಡಿದ್ದಾರೆ. ವಾರದಿಂದ ಸೂಪಿನ ಪಾತ್ರೆ ಇಡಲು ಜಾಗವಿಲ್ಲ. "ಏನ್ರೀ ಇದು, ಊಟ ಮಾಡೋದು ಬೇಡ್ವಾ?" ಎಂದರೆ "ಮೂರು ಚೌಕ, ಎಲ್ವಿರಾ, ಮೂರೇ ಚೌಕ" ಎನ್ನುತ್ತಾರೆ. ನನ್ನ ಮಂಡಿ ಚೆನ್ನಾಗಿದೆ. ನಿನ್ನಪ್ಪನ ತಲೆಗಿಂತ ಚೆನ್ನಾಗಿದೆ.


ಜಿರೋನಾ
೨೪ ಜನವರಿ ೧೯೬೫

ಅಪ್ಪಾ,

ಕ್ರಿಸ್‌ಮಸ್‌ಗೆ ಬಂದವಳು ಐದು ದಿನ ಇದ್ದೆ. ಐದು ದಿನವೂ ನೀನು ಬಿರಡೆಗಳ ಜೊತೆ ಮಾತಾಡಿದೆ, ನನ್ನ ಜೊತೆ ಅಲ್ಲ. ಬಸ್ಸಿನ ಹತ್ತಿರ ಮಾತ್ರ "ಅವನು ಎತ್ತರವಾ?" ಎಂದು ಕೇಳಿದೆ. ಕಂಡಕ್ಟರ್ ಸೀಟಿ ಊದಿದ, ಉತ್ತರ ಹೇಳಲಾಗಲಿಲ್ಲ.

ಎತ್ತರವೇನಲ್ಲ. ನಿನ್ನಷ್ಟೇ ಇದ್ದಾನೆ.

ಈಸ್ಟರಿನ ಭಾನುವಾರ ಫೆರ್ರಿಯೊಲ್ ನಮ್ಮ ಮನೆಗೆ ಊಟಕ್ಕೆ ಬರಬೇಕು ಎಂದುಕೊಂಡಿದ್ದಾನೆ. ನಾನೂ ಎಂದುಕೊಂಡಿದ್ದೇನೆ. ಇನ್ನೊಂದು ಮಾತು. ಮೇ ಹದಿನಾರಕ್ಕೆ ನಿಮ್ಮಲ್ಲೇ ಕಗ್ಗಂಟಿನ ಪಂದ್ಯವಲ್ಲವಾ, ನಮ್ಮ ಬಳಗವೂ ಬರುತ್ತಿದೆ. ನಾನು ಅವರ ಜೊತೆ ಕುಣಿಯುತ್ತೇನೆ. ಇದನ್ನು ಬೇರೆಯವರಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳು ಅಂತ ಬರೆದೆ.

ಅಸ್ಸುಂತಾ


ಪಾಲಫ್ರುಜೆಲ್
೭ ಫೆಬ್ರವರಿ ೧೯೬೫

ಮಗಳೇ,

ಈಸ್ಟರಿಗೆ ಅಡುಗೆಮನೆಯ ಗೋಡೆಗೆ ಸುಣ್ಣ ಹೊಡೆಯಬೇಕು. ನನಗೆ ಕೆಮ್ಮು. ನಮ್ಮಲ್ಲಿ ಇರುವುದು ಮೂರು ಒಳ್ಳೆಯ ಕುರ್ಚಿ, ನಾಲ್ಕನೆಯದರ ಕಾಲು ಅಲ್ಲಾಡುತ್ತದೆ. ಮೇಷ್ಟರಾಗುವವನು ನಮ್ಮ ಮನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡರೆ ಯಾರು ಜವಾಬ್ದಾರಿ?

ಮೇ ಹದಿನಾರರದ್ದನ್ನು ಓದಿ ಕಾರ್ಖಾನೆಗೆ ಹೋದೆ. ಒಳ್ಳೆಯ ಬಿರಡೆಗಳನ್ನು ಕೆಟ್ಟವುಗಳ ಬುಟ್ಟಿಗೆ ಹಾಕಿದೆ ಎಂದು ಮೇಸ್ತ್ರಿ ಬೈದ. ನಮ್ಮ ಚೌಕದಲ್ಲಿ, ನನ್ನ ಕಣ್ಣೆದುರಿಗೆ, ಅವನ ಬಲಗೈಯಲ್ಲಿ ನಿನ್ನ ಕೈ. ಅವನ ಒತ್ತು ನಿನಗೆ ತಿಳಿಯುತ್ತದಾ? ನನ್ನಷ್ಟು ಬೇಗ ತಿಳಿಯುತ್ತದಾ?

ಒಂದು ಪಂದ್ಯ ಕಟ್ಟುತ್ತೇನೆ, ಅವನಿಗೆ ಹೇಳು. ಮೂರು ಚೌಕದಲ್ಲಿ ಆಗುವುದಿಲ್ಲ ಅಂದನಲ್ಲ. ಏಪ್ರಿಲ್ ಮುಗಿಯುವುದರೊಳಗೆ ನಾನು ಮಾಡಿ ತೋರಿಸಿದರೆ ನೀನು ನನ್ನ ಬಲಕ್ಕೆ ನಿಂತು ಕುಣಿಯಬೇಕು. ಆಗದೇ ಹೋದರೆ ಅವನು ಊಟಕ್ಕೆ ಬರಲಿ, ಕುರ್ಚಿಯ ಕಾಲು ಸರಿಮಾಡಿಸುತ್ತೇನೆ.

ಎಂಟರ ಚೌಕ ಇಟ್ಟರೆ ಹದಿನೈದು ಉಳಿಯುತ್ತದೆ. ಹದಿನೈದರಲ್ಲಿ ಮೂರರ ಚೌಕ ತೆಗೆದರೆ ಆರು, ಆರು ಯಾವ ಚೌಕಕ್ಕೂ ಬಗ್ಗದು. ಆದರೂ ದಾರಿ ಇದ್ದೇ ಇರುತ್ತದೆ. ಪುಸ್ತಕದಲ್ಲಿ ಓದಿದವನು ಮೇಜಿನ ಮೇಲೆ ಕೈಯಿಟ್ಟು ನೋಡಿರುವುದಿಲ್ಲ.

ಅಪ್ಪ


ಜಿರೋನಾ
೧೨ ಫೆಬ್ರವರಿ ೧೯೬೫

ಅಪ್ಪಾ,

ಒಪ್ಪಿದ್ದೇವೆ. ಫೆರ್ರಿಯೊಲ್ "ಪಾಪ, ಬೇಡ ಅನ್ನು" ಅಂದ. ಪಾಪ ಎಂದದ್ದಕ್ಕೆ ಅವನಿಗೆ ಚೆನ್ನಾಗಿ ಬೈದು, ನಿನ್ನ ಪರವಾಗಿ ನಾನೇ ಕೈ ಕುಲುಕಿ ಬಂದೆ.

ಕೆಮ್ಮಿಗೆ ಜೇನುತುಪ್ಪ ತಗೋ.

ಅಸ್ಸುಂತಾ


ಪಾಲಫ್ರುಜೆಲ್
೨೮ ಮಾರ್ಚ್ ೧೯೬೫, ಭಾನುವಾರ

ಅಸ್ಸುಂತಾ! ಅಸ್ಸುಂತಾ!

ಬಂತು! ಏಳರ ಚೌಕ, ಐದರ ಚೌಕ, ಎರಡರ ಚೌಕ. ಮೂರೇ ಮೂರು. ಮೇಜಿನ ಮೇಲೆ ಒಂದು ಬಿರಡೆಯೂ ಉಳಿದಿಲ್ಲ. ಪೂಜೆ ಮುಗಿಸಿ ಚರ್ಚಿನಿಂದ ಬಂದು ಕೋಟೂ ತೆಗೆಯದೆ ಕೂತವನು, ಕೊನೆಯ ಎರಡನ್ನು ಇಟ್ಟು ನೋಡುತ್ತೇನೆ, ಕೈ ಖಾಲಿ! ನಿನ್ನಮ್ಮನನ್ನು ಕೂಗಿದೆ. ಅವಳು ಸಲಾಡು ಕಲಸುತ್ತಿದ್ದವಳು ಬಂದು ನೋಡಿ "ಚೆನ್ನಾಗಿದೆ, ಈಗ ಮೇಜು ಖಾಲಿ ಮಾಡಿ" ಎಂದಳು. ಮಾಡಲಿಲ್ಲ. ಹಾಗೇ ಇರಲಿ. ಬೇಕಾದರೆ ನಿಂತುಕೊಂಡು ಉಣ್ಣುತ್ತೇನೆ.

ನಿನ್ನ ಕಣ್ಣುಮುಚ್ಚಿ ಮೇಷ್ಟರಿಗೆ ಹೇಳು: ಹತ್ತನೇ ವಯಸ್ಸಿಗೆ ಶಾಲೆ ಬಿಟ್ಟವನು ಮಾಡಿದ ಅಂತ. ನಗಬೇಡ ಅಂತಲೂ ಹೇಳು. ಅಥವಾ ಏನೂ ಹೇಳಬೇಡ, ಬರೀ ಈ ಕಾಗದ ಕೊಡು.

ಕುಣಿತದ ನಿನ್ನ ಬಿಳಿ ಬಟ್ಟೆಯ ಪಾದರಕ್ಷೆಗೆ ಹೊಸ ದಾರ ಹಾಕಿಸಿಟ್ಟಿದ್ದೇನೆ. ನಿನ್ನ ಜಾಗ ನನ್ನ ಬಲಕ್ಕೆ.

ನಿನ್ನ ಅಪ್ಪ,
ಮೆಲ್ಸಿಯೊರ್, ಎಣಿಕೆಗಾರ


ಜಿರೋನಾ
೪ ಏಪ್ರಿಲ್ ೧೯೬೫

ಅಪ್ಪಾ,

ನಿನ್ನ ಕಾಗದವನ್ನು ಅವನು ಎರಡು ಸಲ ಓದಿದ. ಏನೂ ಹೇಳಲಿಲ್ಲ. ನಾನೂ ಓದಿದೆ.

ಮಾತು ಅಂದರೆ ಮಾತು. ಮೇ ಹದಿನಾರಕ್ಕೆ ನಿನ್ನ ಬಲಕ್ಕೆ ನಿಲ್ಲುತ್ತೇನೆ. ಈಸ್ಟರಿಗೆ ಓದುವುದಿದೆ, ಬರುವುದಿಲ್ಲ.

ಅಸ್ಸುಂತಾ


ಪಾಲಫ್ರುಜೆಲ್
೯ ಮೇ ೧೯೬೫

ಮಗಳೇ,

ಮುಂದಿನ ಭಾನುವಾರ ಗಾಳಿ ಜೋರಿರುತ್ತದೆ ಎಂದು ಬೆಸ್ತರು ಹೇಳುತ್ತಿದ್ದಾರೆ. ನಿನಗೆ ಪರೀಕ್ಷೆ ಇದ್ದರೆ ಬರಬೇಕೆಂದೇನಿಲ್ಲ. ಅಥವಾ ನಿನ್ನ ಬಳಗಕ್ಕೆ ಜನ ಕಡಿಮೆಯಾಗಿದ್ದರೆ ಅವರ ಜೊತೆಯೇ ನಿಲ್ಲು. ಮಾತು ಅಂದರೆ ಮಾತು ಅಂತ ನೀನು ಬರೆದೆ, ನಿಜ. ಆದರೆ ಮಾತಿಗೂ ಒಂದು… ಇರಲಿ.

ನಿನಗೊಂದು ವಿಷಯ ಹೇಳಬೇಕು. ಬಂದಾಗ ಹೇಳುತ್ತೇನೆ. ಅಂಥ ದೊಡ್ಡದೇನಲ್ಲ, ಹೆದರಬೇಡ. ನಿದ್ದೆ ಸರಿಯಾಗಿ ಬರುತ್ತಿಲ್ಲ, ಅಷ್ಟೆ.

ಅಪ್ಪ

ತಾಜಾಕಲಂ: ಮಗಳೇ, ನಿನ್ನಪ್ಪ ಎಂಟು ದಿನದಿಂದ ಸಲಾಡಿಗೆ ವಿನೆಗರ್ ಬೇಡ ಎನ್ನುತ್ತಿದ್ದಾರೆ. ಬಾಟಲಿ ಕಂಡರೆ ಮುಖ ತಿರುಗಿಸುತ್ತಾರೆ. ಡಾಕ್ಟರಿಗೆ ತೋರಿಸಲೋ ಪಾದ್ರಿಗೆ ತೋರಿಸಲೋ ತಿಳಿಯುತ್ತಿಲ್ಲ. — ಅಮ್ಮ


ಪಾಲಫ್ರುಜೆಲ್
೨೩ ಮೇ ೧೯೬೫, ಭಾನುವಾರ

ಫೆರ್ರಿಯೊಲ್ ಅವರಿಗೆ,

ನಾನು ಅಸ್ಸುಂತಾಳ ತಂದೆ. ನಿಮಗೆ ಬರೆಯುತ್ತಿರುವುದು ಇದೇ ಮೊದಲು. ಇದೂ ಮೂರನೆಯ ಹಾಳೆ, ಎರಡು ಹರಿದಿದ್ದೇನೆ. ತಪ್ಪುಗಳಿದ್ದರೆ ನಿಮ್ಮ ಶಾಲೆಯ ಮಕ್ಕಳದ್ದು ತಿದ್ದಿದ ಹಾಗೆ ತಿದ್ದಿಕೊಳ್ಳಿ.

ಮೊದಲು ವಿನೆಗರಿನ ವಿಷಯ. ಮೇ ತಿಂಗಳ ಮೊದಲ ದಿನ ಸಲಾಡಿಗೆಂದು ಬಾಟಲಿಯ ಬಿರಡೆ ಕಿತ್ತೆ. ಕೈಗೆ ಬಂದದ್ದು ನನ್ನದೇ ಬಿರಡೆ, ಪಕ್ಕದಲ್ಲಿ ತೂತಿದ್ದ ಬಿರಡೆ. "ಎಲ್ವಿರಾ, ಇದೆಲ್ಲಿತ್ತು?" ಎಂದೆ. "ನಿಮ್ಮ ಮೇಜಿನ ಮೇಲಿಂದ ತಗೊಂಡೆ. ಮಾರ್ಚಿನಲ್ಲೇ. ಅಷ್ಟೊಂದಿತ್ತು, ಒಂದು ಹೋದ್ರೆ ಏನಾಗುತ್ತೆ?" ಅಂದಳು.

ಏನಾಗುತ್ತದೆ! ಏಳರ ಚೌಕ, ಐದರದು, ಎರಡರದು. ನಲವತ್ತೊಂಬತ್ತು, ಇಪ್ಪತ್ತೈದು, ನಾಲ್ಕು: ಒಂದು ಕಡಿಮೆ. ಇಪ್ಪತ್ತೆರಡು ವರ್ಷ ತಾಳ ತಪ್ಪದ ಎಣಿಕೆಗಾರ ಗೆದ್ದ ಸಂತೋಷದಲ್ಲಿ ಕೂಡಿಯೇ ನೋಡಿರಲಿಲ್ಲ. ಕೈ ಖಾಲಿಯಾಯಿತು, ಅಷ್ಟೇ ಸಾಕಾಗಿತ್ತು ನನಗೆ. ನೀವು ಅದನ್ನು ಎರಡು ಸಲ ಓದಿದಿರಿ ಎಂದು ಮಗಳು ಬರೆದಿದ್ದಳು. ಎರಡನೆಯ ಸಲ ಯಾಕೆ ಓದಿದಿರಿ ಎಂದು ಈಗ ತಿಳಿಯುತ್ತದೆ.

ತಿಳಿದ ಮೇಲೂ ಹದಿನೈದು ದಿನ ಬಾಯಿ ಬಿಡಲಿಲ್ಲ. ಇದನ್ನೂ ಬರೆಯುತ್ತೇನೆ. ಹೇಳಿದರೆ ಅವಳು ನಿಮ್ಮ ಪಕ್ಕಕ್ಕೆ ಹೋಗುತ್ತಾಳೆ. ಹೇಳದಿದ್ದರೆ ಒಂದು ಭಾನುವಾರವಾದರೂ ನನ್ನ ಪಕ್ಕ. ಬಸ್ಸಿಳಿದು ಬಂದಾಗ ಹೇಳಲು ಹೊರಟೆ. ಅವಳು ಸುಮ್ಮನೆ ಪಾದರಕ್ಷೆಯ ದಾರ ಕಟ್ಟಿಕೊಂಡು ಬಲಕ್ಕೆ ಬಂದು ನಿಂತುಬಿಟ್ಟಳು. ಕೈ ಬೆಚ್ಚಗಿತ್ತು.

ಪಂದ್ಯದಲ್ಲಿ ನೀವು ಎರಡನೆಯ ಬಳಗ, ನಾವು ಐದನೆಯದು. ನಡುವೆ ಇದ್ದದ್ದು ಮೂವತ್ತು ಹೆಜ್ಜೆ. ಉದ್ದ ಹೆಜ್ಜೆಯ ಹಾಡು ಶುರುವಾದಾಗ ಎಣಿಸುತ್ತಲೇ ಇದ್ದೆ. ಹನ್ನೊಂದನೆಯ ಒತ್ತಿನ ಹೊತ್ತಿಗೆ ಕಣ್ಣು ನಿಮ್ಮ ಕಡೆಗೆ ಹೋಯಿತು. ನೀವು ಕಣ್ಣು ಮುಚ್ಚಿದ್ದಿರಿ. ನಿಮ್ಮ ಬಲಗೈಯಲ್ಲಿ ಕಪ್ಪು ಶಾಲಿನ ಅಜ್ಜಿಯೊಬ್ಬರ ಕೈ. ಆ ಅಜ್ಜಿಯ ಅಂಗೈಗೂ ನೀವು ಅಷ್ಟೇ ಮರ್ಯಾದೆಯಿಂದ ಲೆಕ್ಕ ಕೊಡುತ್ತಿದ್ದಿರಿ, ಅವರ ಮುಖದಲ್ಲಿ ಕಾಣುತ್ತಿತ್ತು. ನನಗೆ ಸಂತೋಷವಾಗಬೇಕಿತ್ತು. ಸಿಟ್ಟು ಬಂತು. ಇವನಲ್ಲಿ ಬೈಯಲು ಏನೂ ಸಿಗುತ್ತಿಲ್ಲವಲ್ಲ ಎಂಬ ಸಿಟ್ಟು.

ಹಾಡು ಒಂದು ಸುತ್ತು ಮುಗಿಯಿತು. ನನ್ನ ತಲೆಯಲ್ಲಿ ಎಪ್ಪತ್ತೊಂಬತ್ತು ನಿಂತಿತ್ತು. ಮತ್ತದೇ! ದೇವರೇ ಕಳುಹಿಸಿದ್ದು ಎಂದುಕೊಂಡೆ. ಎರಡನೆಯ ಸುತ್ತಿನ ಕೊನೆಗೆ ಮೂರು ಉಳಿಸಿಕೊಂಡು ಮುಗಿಸೋಣವೆಂದು ಬಳಗಕ್ಕೆ ಸನ್ನೆ ಮಾಡಲು ಕೈ ಎತ್ತುವವನಿದ್ದೆ. ಆಗ ಬಲ ಅಂಗೈಯಲ್ಲಿ ಉಗುರು ತಾಗಿತು. ಎರಡು ಗೀರು. ಹತ್ತು ವರ್ಷದಲ್ಲಿ ಅವಳು ನನಗೆ ಲೆಕ್ಕ ಕೊಟ್ಟದ್ದು ಅದೇ ಮೊದಲು. ನಾನು ಮೂರು ಗೀರಿದೆ. ಅವಳು ಮತ್ತೆ ಎರಡು ಗೀರಿದಳು, ಜೋರಾಗಿ, ನೋಯುವ ಹಾಗೆ.

"ಮೂರು ಕಣೇ," ಅಂದೆ ಹಲ್ಲು ಕಚ್ಚಿ.

ಅವಳು ಮುಂದೆ ನೋಡುತ್ತಲೇ, ತುಟಿ ಅಲ್ಲಾಡಿಸದೆ ಹೇಳಿದಳು: "ಎಪ್ಪತ್ತೆಂಟು ಅಪ್ಪಾ. ಅವತ್ತು ನಿನ್ನ ಮೇಜಿನ ಮೇಲೂ ಎಪ್ಪತ್ತೆಂಟೇ."

ನನ್ನ ಕಾಲು ಹೆಜ್ಜೆ ಹಾಕುತ್ತಲೇ ಇತ್ತು, ಅದು ಹೇಗೋ ನನಗೆ ತಿಳಿಯದು. ಗೊತ್ತಿದ್ದೂ ಬಂದಿದ್ದಳು. ಮೊದಲ ದಿನದಿಂದ ಗೊತ್ತಿತ್ತು. ನಿಮಗೂ ಗೊತ್ತಿತ್ತು. ನೀವು ಒಂದು ಸಾಲು ಬರೆದಿದ್ದರೆ ಸಾಕಿತ್ತು, ಅವಳು ನಿಮ್ಮ ಬಲಕ್ಕಿರುತ್ತಿದ್ದಳು. ಬರೆಯಲಿಲ್ಲ.

ಎರಡು ಉಳಿಸಿಕೊಂಡು ಮುಗಿಸಲು ಸನ್ನೆ ಮಾಡಿದೆ. ವಾದ್ಯವೂ ನಾವೂ ಒಟ್ಟಿಗೆ ನಿಂತೆವು. ನಿಮ್ಮ ಬಳಗವೂ ನಿಂತಿತು, ಕಂಡೆ. ತೀರ್ಪುಗಾರರು ಲಕೋಟೆ ಒಡೆದು ಎಪ್ಪತ್ತೆಂಟು ಎಂದು ಕೂಗಿದಾಗ ತ್ರಿನಿ ನನ್ನ ಬೆನ್ನು ತಟ್ಟಿ "ನೀವು ಬಿಡಿ ಮೆಲ್ಸಿಯೊರಣ್ಣ, ನಿಮ್ಮ ಎಣಿಕೆ ತಪ್ಪೋದುಂಟಾ!" ಎಂದಳು. ಬಹುಮಾನವನ್ನು ಹೆಜ್ಜೆ ಚೊಕ್ಕವಾಗಿತ್ತೆಂದು ಬೇರೆ ಯಾವುದೋ ಊರಿಗೆ ಕೊಟ್ಟರು. ಅವರ ಹೆಜ್ಜೆ ಅಷ್ಟೇನೂ ಚೊಕ್ಕವಿರಲಿಲ್ಲ, ನೀವೂ ನೋಡಿದಿರಿ.

ಬಿರಡೆಯ ಪಂದ್ಯ ಸೋತವನು ನಾನು. ಮುಂದಿನ ಭಾನುವಾರ ಊಟಕ್ಕೆ ಬನ್ನಿ. ಎಲ್ವಿರಾ ಕಪ್ಪೆಚಿಪ್ಪು ಹಾಕಿ ಅನ್ನ ಮಾಡುತ್ತಾಳೆ. ನಾಲ್ಕನೆಯ ಕುರ್ಚಿಗೆ ಕಾಲು ಹಾಕಿಸಿದ್ದೇನೆ, ನಾನೇ ಮೂರು ಸಲ ಕೂತು ಎದ್ದು ನೋಡಿದ್ದೇನೆ. ಆದರೂ ಹುಷಾರಾಗಿ ಕೂತುಕೊಳ್ಳಿ.

ಮೇಜಿನ ಮೇಲೆ ಏಳರದು, ಐದರದು, ಎರಡರದು ಹಾಗೆಯೇ ಇವೆ. ವಿನೆಗರ್ ಬಾಟಲಿಯ ಆ ಒಂದನ್ನು ಪಕ್ಕದಲ್ಲಿಟ್ಟಿದ್ದೇನೆ. ಒಂಟಿ ಬಿರಡೆಯೂ ಚೌಕವೇ ಎಂದು ಅಸ್ಸುಂತಾ ಹೇಳುತ್ತಾಳೆ. ನನಗಿನ್ನೂ ನಂಬಿಕೆ ಬಂದಿಲ್ಲ. ನೀವು ಬಂದು ತಿಳಿಸಿಕೊಡಿ.

ಊಟವಾದ ಮೇಲೆ ಚೌಕದಲ್ಲಿ ಸರ್ದಾನಾ ಇದೆ. ನಮ್ಮ ಬಳಗದಲ್ಲಿ ನಿಲ್ಲಬಹುದು. ಕಟ್ಟಳೆ ನಿಮಗೆ ಗೊತ್ತೇ ಇದೆ: ಗಂಡಸಿಗೂ ಅವನ ಬಲಕ್ಕೆ ನಿಂತವಳಿಗೂ ನಡುವೆ ಯಾರೂ ನುಗ್ಗಬಾರದು. ಆ ಜಾಗ ನಾನು ಬಿಡುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಆದರೆ ಅವಳಿಗೆ ಇನ್ನೊಂದು ಕೈ ಇದೆ. ಆ ಬದಿಯಿಂದ ಬಂದು ಸೇರಿಕೊಳ್ಳುವವನನ್ನು ತಡೆಯುವ ಕಟ್ಟಳೆ ನಮ್ಮಲ್ಲಿ ಇಲ್ಲ.

ಬರುವಾಗ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂರಬೇಡಿ, ಎತ್ತಿ ಹಾಕುತ್ತದೆ.

ಮೆಲ್ಸಿಯೊರ್

ತಾಜಾಕಲಂ: ಫೆರ್ರಿಯೊಲ್, ನಾನು ಎಲ್ವಿರಾ, ಇವರ ಹೆಂಡತಿ. ಹೂವು ಗೀವು ತರಬೇಡಪ್ಪ. ವಿನೆಗರ್ ಬಾಟಲಿಗೊಂದು ಬಿರಡೆ ತಗೊಂಡು ಬಾ. ಬಿರಡೆ ಕಾರ್ಖಾನೆಯವನ ಮನೆಯಲ್ಲಿ ಇವತ್ತಿಗೆ ಮೂರು ವಾರದಿಂದ ಚಿಂದಿ ಬಟ್ಟೆ ತುರುಕಿ ಇಟ್ಟುಕೊಂಡಿದ್ದೇನೆ.